ಆ ದಪ್ಪ ಗೋಪುರದಿಂದ ಬರೋದು ಹೊಗೆಯಾ?

ಪ್ರಶ್ನೆ: ಬ್ರಿಟನ್ನಿನಲ್ಲಿ ಕಲ್ಲಿದ್ದಲಿನ ಕೊನೆಯ ವಿದ್ಯುತ್ ಸ್ಥಾವರವನ್ನೂ ಮುಚ್ಚಿದರಂತೆ. ಫೋಟೋದಲ್ಲಿ ದಪ್ಪ ಗೋಪುರಗಳಿಂದ ಬಿಳಿ ಹೊಗೆ ಏಳುತ್ತಿತ್ತು. ಆ ಹೊಗೆಗೇ ಮುಚ್ಚಿದ್ದಾ?
– ಓದುಗರೊಬ್ಬರು, ಹಾವೇರಿ

ಉತ್ತರ: ಮುಚ್ಚಿದ್ದು ನಿಜ. ಆದರೆ ನೀವು ನೋಡಿದ್ದು ಹೊಗೆಯಲ್ಲ, ಹಬೆ. ರಾಯಚೂರು ಉಷ್ಣ ವಿದ್ಯುತ್ ಸ್ಥಾವರ ಇರುವ ಶಕ್ತಿನಗರದ ಬಾಯ್ಲರ್‌ಗಳ ಹತ್ತಿರ ಇಪ್ಪತ್ತೆಂಟು ವರ್ಷ ಕಳೆದವನು ನಾನು. ಮದುವೆ ಮನೆಗೆ ಹೋದರೂ ಇದೇ ಪ್ರಶ್ನೆ, ಬೇಜಾರಿಲ್ಲ ಬಿಡಿ.

ಆ ಸ್ಥಾವರದ ಹೆಸರು ರ‍್ಯಾಟ್‌ಕ್ಲಿಫ್-ಆನ್-ಸೋರ್, ನಾಟಿಂಗ್‌ಹ್ಯಾಮ್ ಹತ್ತಿರ ಇದೆ. ಮಗಳು ಆ ಊರಲ್ಲಿರುವುದರಿಂದ 2019ರಲ್ಲಿ ಹೋಗಿದ್ದೆವು. ರೈಲು ಈಸ್ಟ್ ಮಿಡ್‌ಲ್ಯಾಂಡ್ಸ್ ಪಾರ್ಕ್‌ವೇ ಸ್ಟೇಷನ್ನಿನಲ್ಲಿ ನಿಂತರೆ ಕಿಟಕಿ ತುಂಬ ಗೋಪುರಗಳೇ. ಒಟ್ಟು ಎಂಟು, ಒಂದೊಂದೂ 114 ಮೀಟರ್. ಒಂದರ ಮೇಲೊಂದು ಎರಡು ಗೋಳಗುಮ್ಮಟ ಇಟ್ಟರೆ ಹೆಚ್ಚುಕಡಿಮೆ ಅಷ್ಟೆತ್ತರ. "ಇಲ್ಲಿಗೂ ಬಂತೇನ್ರೀ ನಿಮ್ಮ ಡ್ಯೂಟಿ?" ಅಂದಳು ನನ್ನ ಹೆಂಡತಿ.

ಗೋಪುರದ ಒಳಗೆ ಬೆಂಕಿಯೇ ಇರುವುದಿಲ್ಲ. ಕಲ್ಲಿದ್ದಲನ್ನು ಹಿಟ್ಟಿನ ಹಾಗೆ ಬೀಸಿ ಉರಿಸುವುದು ಬಾಯ್ಲರಿನಲ್ಲಿ. ಅಲ್ಲಿ ಎದ್ದ ಹಬೆ ಟರ್ಬೈನ್ ತಿರುಗಿಸಿ ಸುಸ್ತಾಗಿ ಬಂದಮೇಲೆ ಅದನ್ನು ಮತ್ತೆ ನೀರು ಮಾಡಬೇಕಲ್ವಾ? ಅದಕ್ಕೆ ತಣ್ಣೀರು ಬೇಕು. ಹಾಗೆ ಬಿಸಿಯಾದ ನೀರನ್ನು ಗೋಪುರದೊಳಗೆ ಮಳೆಯ ಹಾಗೆ ಸುರಿಸುತ್ತಾರೆ. ಬುಡದಿಂದ ಗಾಳಿ ತಾನಾಗಿಯೇ ಮೇಲಕ್ಕೆ ಏಳುತ್ತದೆ, ಫ್ಯಾನ್ ಬೇಕಿಲ್ಲ. ಮೇಲೆ ಕಾಣುವ ಬಿಳಿ ಮೋಡ ಆ ಬಿಸಿನೀರಿನಿಂದ ಎದ್ದ ಹಬೆಯೇ. ಹೊಗೆ ಹೋಗುವುದು ಪಕ್ಕದ ತೆಳ್ಳನೆಯ ಚಿಮಣಿಯಿಂದ, ಅದು 199 ಮೀಟರ್. ಬೂದಿಯನ್ನು ಮೊದಲೇ ಹಿಡಿದುಬಿಡುವುದರಿಂದ ಅಲ್ಲಿ ಅಷ್ಟೇನೂ ಕಾಣುವುದಿಲ್ಲ. ಆದರೆ ಅಸಲು ತಕರಾರು ಆ ಕಾಣದ ಕಾರ್ಬನ್ ಡೈಆಕ್ಸೈಡಿನದ್ದೇ.

ಈ ಸ್ಥಾವರ 1968ರಿಂದ ಓಡಿತು. 500 ಮೆಗಾವ್ಯಾಟಿನ ನಾಲ್ಕು ಘಟಕ. ನಮ್ಮ ರಾಯಚೂರಿನ ಎಂಟೂ ಘಟಕ ಸೇರಿದರೂ 1,720 ಮೆಗಾವ್ಯಾಟ್. ಅಲ್ಲಿ ಕಲ್ಲಿದ್ದಲಿನ ರೈಲು ನಿಲ್ಲುತ್ತಲೇ ಇರಲಿಲ್ಲವಂತೆ. ಮೆಲ್ಲಗೆ ಸುತ್ತು ಹಾಕುತ್ತಲೇ ವ್ಯಾಗನ್ನಿನ ತಳ ತೆರೆದು ಸುರಿದು ಹೋಗುತ್ತಿತ್ತು. ನಮ್ಮ ಕಡೆ ವ್ಯಾಗನ್ನನ್ನೇ ಬೋರಲು ಹಾಕಿ ಕೊಡವುತ್ತಾರೆ!

ಸ್ಥಾವರಕ್ಕೆ ವಯಸ್ಸಾಗಿತ್ತು, ನಿಜ. ಆದರೆ ಅದನ್ನು ನಿಲ್ಲಿಸಿದ್ದು ಲೆಕ್ಕಾಚಾರ. 1990ರ ದಶಕದಲ್ಲಿ ಗ್ಯಾಸ್ ಅಗ್ಗವಾಯಿತು. 2012ರಲ್ಲೂ ಆ ದೇಶದ ಕರೆಂಟಿನಲ್ಲಿ ನೂರಕ್ಕೆ ನಲವತ್ತರ ಆಸುಪಾಸು ಕಲ್ಲಿದ್ದಲಿನದ್ದೇ ಇತ್ತು. 2013ರಲ್ಲಿ ಸರ್ಕಾರ ಕಾರ್ಬನ್ ಮೇಲೆ ಹೊಸ ತೆರಿಗೆ ಹಾಕಿತು. ಗಾಳಿಯಂತ್ರಗಳೂ ಜಾಸ್ತಿಯಾದವು. ಕಲ್ಲಿದ್ದಲಿನ ಪಾಲು ಬುಡಬುಡನೆ ಇಳಿದುಹೋಯಿತು. ಕೊನೆಗೆ 2024ರ ಸೆಪ್ಟೆಂಬರ್ 30ಕ್ಕೆ ರ‍್ಯಾಟ್‌ಕ್ಲಿಫ್ ನಿಂತಿತು. ಲಂಡನ್ನಿನ ಹಾಲ್ಬರ್ನ್ ವಯಡಕ್ಟ್ ಬಳಿ ಎಡಿಸನ್ ಕಂಪನಿ 1882ರಲ್ಲಿ ಹಚ್ಚಿದ ಒಲೆ 142 ವರ್ಷ ಉರಿದ ಹಾಗಾಯಿತು.

ಕಲ್ಲಿದ್ದಲಿನ ಕೊನೆಯ ರೈಲು 2024ರ ಜೂನಿನಲ್ಲಿ ಬಂತು, ಸುಮಾರು 1,650 ಟನ್ ಹೊತ್ತು. ಸುದ್ದಿ ಓದಿದ ಕೂಡಲೇ ಹಳೇ ಚಟ, ಪೇಪರಿನ ಅಂಚಿನಲ್ಲೇ ಗುಣಿಸಿ ನೋಡಿದೆ. ನಾಲ್ಕೂ ಘಟಕ ಪೂರ್ತಿ ಓಡಿಸಿದರೆ ಅದು ಎರಡು ಗಂಟೆಗೆ ಸಾಕಾಗುತ್ತಿತ್ತು, ಅಷ್ಟೇ.