ಒಂದು ಸಲ ಕಣ್ಣಲ್ಲಿ ಮಿಂಚು, ಇನ್ನೊಂದು ಸಲ ಬರೀ ತಲೆಸುತ್ತು: ಎಲ್ಲವೂ ಮೈಗ್ರೇನೇ ಇರಬಹುದಾ?

ಇರಬಹುದು. ಕಣ್ಣೆದುರು ಮಿಂಚಿದಂತಾಗಿ ಆಮೇಲೆ ತಲೆನೋವು, ವಾಂತಿ ಬರುತ್ತದೆ ಅಂದಿದ್ದೀರಿ. ಇನ್ನು ಕೆಲವು ಸಲ ನೋವು ಅಷ್ಟೇನಿಲ್ಲ, ತಲೆಸುತ್ತು ಮಾತ್ರ. ಶಿರಸಿಯಲ್ಲಿ ಒಬ್ಬರು ಪಿತ್ತ ಅಂದರು, ಇನ್ನೊಬ್ಬರು ಸೈನಸ್ ಅಂದರು. ಮಗಳಿಗೆ ಆಗಾಗ ಬರುವ ಹೊಟ್ಟೆನೋವಿಗೂ ಇದಕ್ಕೂ ಸಂಬಂಧ ಇದೆಯಾ ಅಂತಲೂ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಕುಮಟಾದವಳು, ಮೈಗ್ರೇನ್ ಇರುವವಳು. ನನ್ನ ಅಮ್ಮನಿಗೂ ಇತ್ತು. ಹಾಗಾಗಿ ಇದನ್ನು ಹತ್ತಿರದಿಂದ ನೋಡಿದ್ದೇನೆ, ಬೇಕಾದಷ್ಟು ಓದಿದ್ದೇನೆ.

ತಲೆನೋವನ್ನು ಮಾತ್ರ ನೋಡಿದರೆ ಮೈಗ್ರೇನ್ ಗುರುತು ಸಿಗುವುದಿಲ್ಲ. ಎಷ್ಟೋ ಜನರಿಗೆ ಹಿಂದಿನ ದಿನವೇ ಸೂಚನೆ ಶುರುವಾಗುತ್ತದೆ. ನಿದ್ದೆಯಾಗಿದ್ದರೂ ಒಂದರ ಹಿಂದೊಂದು ಆಕಳಿಕೆ, ಕುತ್ತಿಗೆ ಬಿಗಿತ, ಪದೇ ಪದೇ ಮೂತ್ರ, ಸಿಹಿ ತಿನ್ನುವ ಆಸೆ, ಸುಮ್ಮಸುಮ್ಮನೆ ಸಿಡುಕು. ನನಗೆ ಆಕಳಿಕೆ ಶುರುವಾದರೆ ಮನೆಯವರೇ "ನಾಳೆ ಬರ್ತದೆ, ನೋಡು" ಅನ್ನುತ್ತಾರೆ.

ನಿಮ್ಮ ಮಿಂಚಿನ ವಿಷಯ. ಇದಕ್ಕೆ ಔರಾ ಅನ್ನುತ್ತಾರೆ, ಎಲ್ಲರಿಗೂ ಬರುವುದಿಲ್ಲ. ಓದುತ್ತಿರುವ ಸಾಲಿನ ನಡುವೆ ಎರಡು ಅಕ್ಷರ ಮಾಯವಾಗುತ್ತವೆ. ಕಣ್ಣು ಉಜ್ಜಿದರೂ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ಆ ಜಾಗದ ಅಂಚಿನಲ್ಲಿ ಗರಗಸದ ಹಲ್ಲಿನ ಹಾಗೆ ಅಂಕುಡೊಂಕು ಗೆರೆಯೊಂದು ಮಿನುಗುತ್ತಾ ನಿಧಾನಕ್ಕೆ ದೊಡ್ಡದಾಗುತ್ತದೆ. ಕಣ್ಣು ಮುಚ್ಚಿದರೂ ಕಾಣುತ್ತದೆ, ಯಾಕೆಂದರೆ ಇದು ಕಣ್ಣಿನಲ್ಲಲ್ಲ, ಮಿದುಳಿನಲ್ಲಿ ಆಗುವುದು. ಮಿದುಳಿನ ಮೇಲ್ಪದರದಲ್ಲಿ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಒಂದು ಅಲೆ ಸಾಗುತ್ತದೆ. ಅದಕ್ಕೇ ಈ ಗೆರೆಯೂ ಮೆಲ್ಲಗೆ ಹರಡುತ್ತದೆ. ಸಾಮಾನ್ಯವಾಗಿ 5 ನಿಮಿಷದಿಂದ ಒಂದು ಗಂಟೆ ಇರುತ್ತದೆ. ಕೆಲವರಿಗೆ ಬೆರಳಲ್ಲಿ ಶುರುವಾದ ಜುಮ್ಮು ಕೈ ಹತ್ತಿ ತುಟಿಯವರೆಗೆ ಬರುತ್ತದೆ, ಮಾತು ತಡವರಿಸುತ್ತದೆ. ಔರಾ ಬಂದು ತಲೆನೋವೇ ಬಾರದೆ ಹೋಗುವುದೂ ಇದೆ. ಮುಂದಿನ ಸಲ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಔರಾ ಆದರೆ ಎರಡೂ ಕಣ್ಣಿಗೆ ಕಾಣಬೇಕು. ಒಂದೇ ಕಣ್ಣಿನ ದೃಷ್ಟಿ ಹೋದರೆ ಅದು ಬೇರೆ ವಿಷಯ, ಅವತ್ತೇ ಆಸ್ಪತ್ರೆಗೆ ಹೋಗಿ.

ನೋವು ಒಂದೇ ಬದಿಗೆ ಬರಬೇಕು ಅಂತೇನಿಲ್ಲ. ಎರಡೂ ಬದಿ, ಕಣ್ಣಿನ ಹಿಂದೆ, ಹಿಂದಲೆಯಲ್ಲಿ ಎಲ್ಲಾದರೂ ಬರಬಹುದು. ಹೆಚ್ಚಿನವರಿಗೆ ಮಿಡಿದಂತೆ ನೋಯುತ್ತದೆ. ಮೆಟ್ಟಿಲು ಹತ್ತಿದರೆ, ಬಗ್ಗಿ ಅಂಗಳ ಗುಡಿಸಿದರೆ ಜಾಸ್ತಿ. ಔಷಧಿ ಇಲ್ಲದಿದ್ದರೆ 4 ಗಂಟೆಯಿಂದ 72 ಗಂಟೆಯವರೆಗೂ ಎಳೆಯಬಹುದು. ಬೆಳಕು ಬೇಡ, ಸದ್ದು ಬೇಡ. ಪಕ್ಕದ ಮನೆಯಲ್ಲಿ ಬಂಗುಡೆ ಹುರಿದರೂ ಹೊಟ್ಟೆ ತೊಳೆಸುತ್ತದೆ. ಕೆಲವರಿಗೆ ಬಾಚಣಿಗೆ ತಾಗಿದರೂ ತಲೆಯ ಚರ್ಮ ನೋಯುತ್ತದೆ. ಡಾಕ್ಟರ್ ಕೇಳದಿದ್ದರೂ ಇದನ್ನು ಹೇಳಿ, ಅದೂ ಒಂದು ಲಕ್ಷಣವೇ.

ತಲೆಸುತ್ತು ಕೂಡ ಮೈಗ್ರೇನಿನದೇ ಇರಬಹುದು. ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟದ ತಿರುವುಗಳಲ್ಲಿ ಚಿಕ್ಕಂದಿನಿಂದ ವಾಂತಿ ಮಾಡಿಕೊಂಡವರಲ್ಲಿ ಮೈಗ್ರೇನಿನವರು ಬಹಳ ಜನ ಇರುತ್ತಾರೆ. ನಿಮಗೂ ಹಾಗಿತ್ತಾ, ನೆನಪು ಮಾಡಿಕೊಳ್ಳಿ.

ಪಿತ್ತ ಅನ್ನುವವರು ನೋಡಿದ್ದು ಸುಳ್ಳಲ್ಲ. ವಾಂತಿಯಾದ ಮೇಲೆ ಎಷ್ಟೋ ಜನರಿಗೆ ನೋವು ಇಳಿಯುತ್ತದೆ. ಆದರೆ ಮೈಗ್ರೇನ್ ಹೊಟ್ಟೆಯಿಂದ ಶುರುವಾಗುವುದಲ್ಲ, ನೋವಿನ ಸಮಯದಲ್ಲಿ ಹೊಟ್ಟೆಯ ಕೆಲಸವೇ ನಿಧಾನವಾಗುತ್ತದೆ. ತಡವಾಗಿ ನುಂಗಿದ ಮಾತ್ರೆ ಹಿಡಿಯದೇ ಇರುವುದಕ್ಕೆ ಅದೂ ಒಂದು ಕಾರಣ. ಇನ್ನು ಸೈನಸ್. ಮೈಗ್ರೇನಿನಲ್ಲೂ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕೆನ್ನೆ ಭಾರವಾಗುತ್ತದೆ. ಜ್ವರ, ಹಳದಿ ಗಟ್ಟಿ ಸಿಂಬಳ ಇಲ್ಲದೆ ತಿಂಗಳು ತಿಂಗಳು ಬರುವ "ಸೈನಸ್ ತಲೆನೋವು" ಹೆಚ್ಚಾಗಿ ಮೈಗ್ರೇನೇ. ಡಾಕ್ಟರುಗಳು ಕೇಳುವ ಮೂರು ಪ್ರಶ್ನೆ ಇವೆ. ಹೊಟ್ಟೆ ತೊಳೆಸುತ್ತದಾ? ಬೆಳಕು ಕಣ್ಣಿಗೆ ಚುಚ್ಚುತ್ತದಾ? ನೋವಿನಿಂದ ದಿನದ ಕೆಲಸ ನಿಂತುಹೋಗುತ್ತದಾ? ಎರಡಕ್ಕೆ ಹೌದು ಅಂದರೆ ಮೈಗ್ರೇನ್ ಇರುವ ಸಾಧ್ಯತೆ ಜಾಸ್ತಿ. ಮೈಗ್ರೇನನ್ನು ಗುರುತಿಸುವುದೇ ಹೀಗೆ ಪ್ರಶ್ನೆ ಕೇಳುವುದರಿಂದ. ಎಲ್ಲರಿಗೂ ಸ್ಕ್ಯಾನ್ ಬೇಕಾಗುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ತಲೆನೋವಿನ ದಿನ, ಮುಟ್ಟಿನ ತಾರೀಕು, ಹಿಂದಿನ ರಾತ್ರಿಯ ನಿದ್ದೆ, ಊಟ ತಪ್ಪಿತ್ತಾ, ಎಲ್ಲ ಬರೆಯಿರಿ. ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿದ್ದು, ಏಕಾದಶಿ ಉಪವಾಸ, ಮೇ ತಿಂಗಳ ಬಿಸಿಲಲ್ಲಿ ಮದುವೆಗೆ ತಿರುಗಿದ್ದು, ಇವೆಲ್ಲ ನಮ್ಮ ಕಡೆ ಸಾಮಾನ್ಯ ಕಾರಣಗಳು. ನುಂಗಿದ ಮಾತ್ರೆಯನ್ನೂ ಬರೆಯಿರಿ. ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಮೈಗ್ರೇನಿನ ಟ್ರಿಪ್ಟಾನ್ ಮಾತ್ರೆ 10 ದಿನ ಮುಟ್ಟಿ, ಹಾಗೇ ತಿಂಗಳುಗಟ್ಟಲೆ ನಡೆದರೆ ಮಾತ್ರೆಯಿಂದಲೇ ತಲೆನೋವು ಬರಬಹುದು. ಔರಾ ಇದೆ ಅನ್ನುವುದನ್ನು ಸ್ತ್ರೀರೋಗ ಡಾಕ್ಟರಿಗೂ ಹೇಳಿ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಅಂಥವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ.

ಕೆಲವಕ್ಕೆ ಮಾತ್ರ ಕಾಯಲೇಬೇಡಿ. ಒಂದೇ ನಿಮಿಷದೊಳಗೆ ಸಿಡಿಲಿನಂತೆ ಏರಿದ ನೋವು, ಜ್ವರದ ಜೊತೆ ಕುತ್ತಿಗೆ ಸೆಟೆದದ್ದು, ಒಂದು ಬದಿಯ ಕೈಕಾಲು ಶಕ್ತಿ ಕಳೆದುಕೊಂಡದ್ದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು. ದೊಡ್ಡ ಆಸ್ಪತ್ರೆ ಅಂದರೆ ನಾವು ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ದಾರಿಗೇ ಗಂಟೆಗಟ್ಟಲೆ ಬೇಕು. ಹಾಗಾಗಿ ತಕ್ಷಣ 108ಕ್ಕೆ ಫೋನ್ ಮಾಡಿ. 50 ದಾಟಿದ ಮೇಲೆ ಮೊದಲ ಸಲ ಶುರುವಾದ ತಲೆನೋವನ್ನೂ ಬೇಗ ತೋರಿಸಬೇಕು.

ಮಗಳ ವಿಷಯಕ್ಕೆ ಬರುತ್ತೇನೆ. ಮಕ್ಕಳಲ್ಲಿ ಮೈಗ್ರೇನ್ ಹೊಟ್ಟೆನೋವಾಗಿಯೂ ಬರುತ್ತದೆ. ಹೊಕ್ಕುಳ ಸುತ್ತ ನೋವು, ಮುಖ ಬಿಳಚುವುದು, ಊಟ ಸೇರದಿರುವುದು, ವಾಕರಿಕೆ. ಕೆಲವು ಗಂಟೆಯಿಂದ ಎರಡು ಮೂರು ದಿನ ಇದ್ದು, ಆಮೇಲೆ ಏನೂ ಆಗದವರಂತೆ ಆಡಿಕೊಂಡಿರುತ್ತಾರೆ. ದಯವಿಟ್ಟು ಶಾಲೆ ತಪ್ಪಿಸುವ ನೆಪ ಅಂತ ಬೈಯಬೇಡಿ. ಮೈಗ್ರೇನ್ ಅಂತ ನೀವೇ ತೀರ್ಮಾನಿಸಲೂ ಬೇಡಿ, ಹೊಟ್ಟೆನೋವಿಗೆ ಬೇರೆ ಕಾರಣಗಳೂ ಇರುತ್ತವೆ. ಮಕ್ಕಳ ಡಾಕ್ಟರಿಗೆ ತೋರಿಸಿ, ನಿಮಗಿರುವ ತಲೆನೋವಿನ ಕಥೆಯನ್ನೂ ಅಲ್ಲಿ ಹೇಳಿ.