ಮೇ ತಿಂಗಳಲ್ಲಿ ಶ್ರೀಲಂಕಾ ಆದೀತೇ?

ಪ್ರಶ್ನೆ: ಮೇ ಮಧ್ಯದಲ್ಲಿ ಐದು ದಿನ ಗೆಳತಿಯ ಜೊತೆ ಶ್ರೀಲಂಕಾಕ್ಕೆ ಹೋಗುವ ಆಸೆ. ಆಗ ಅಲ್ಲಿ ಮಳೆಯಂತೆ, ಹೌದೇ? ಮಂಗಳೂರಿನಿಂದ ಟಿಕೆಟ್ ಹೇಗೆ ಮಾಡಿಸುವುದು?
– ಓದುಗರು, ಉಡುಪಿ

ಉತ್ತರ: ಅರ್ಧ ದ್ವೀಪಕ್ಕೆ ಮಾತ್ರ ಹೌದು. ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯ ಮಾರುತ ಕೊಲಂಬೊ, ಗಾಲೆಗಳನ್ನು ನಮಗಿಂತ ಮೊದಲೇ ತೋಯಿಸುತ್ತದೆ. ನಡುವಿನ ಬೆಟ್ಟಗಳು ತಡೆಯುವುದರಿಂದ ಪೂರ್ವದ ಟ್ರಿಂಕೋಮಲಿ, ನಿಲಾವೆಲಿಯಲ್ಲಿ ಆಗ ಒಣ ಹವೆ, ಶಾಂತ ಕಡಲು. ಹಾಗಾಗಿ ವಿಮಾನ ನಿಲ್ದಾಣದಿಂದ ನೇರ ಸಿಗಿರಿಯಾಕ್ಕೆ ಹೋಗಿ ಒಂದು ರಾತ್ರಿ, ನಿಲಾವೆಲಿಯಲ್ಲಿ ಎರಡು. ಕೊನೆಯ ರಾತ್ರಿ ವಿಮಾನ ನಿಲ್ದಾಣಕ್ಕೆ ಹತ್ತಿರದ ನೆಗೊಂಬೊದಲ್ಲೇ ಇರಲಿ. ಟ್ರಿಂಕೋದಿಂದ ವಿಮಾನ ನಿಲ್ದಾಣಕ್ಕೆ ಆರು ತಾಸಿನ ದಾರಿ. ಕ್ಯಾಂಡಿಯನ್ನು ಈ ಸಲ ಬಿಟ್ಟುಬಿಡಿ, ದಿನವೆಲ್ಲ ಕಾರಿನಲ್ಲೇ ಕಳೆದೀತು. ಸಿಗಿರಿಯಾ ಬಂಡೆಗೆ ಸುಮಾರು 1,200 ಮೆಟ್ಟಿಲು. ಬೆಳಗ್ಗೆ ಏಳರೊಳಗೆ ಹತ್ತಲು ಶುರು ಮಾಡಿ, ಹತ್ತು ಗಂಟೆಗೆ ಕಲ್ಲು ಕಾಯುತ್ತದೆ.

ಟಿಕೆಟ್ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಮಂಗಳೂರು–ಬೆಂಗಳೂರು, ಬೆಂಗಳೂರು–ಕೊಲಂಬೊ ಎಂದು ಬೇರೆ ಬೇರೆ ಟಿಕೆಟ್ ಅಗ್ಗ ಕಾಣುತ್ತದೆ. ಆದರೆ ಕೆಂಜಾರಿನ ಗುಡ್ಡದ ಮೇಲಿನ ರನ್‌ವೇಯಲ್ಲಿ ಮಳೆ, ಮಂಜಿಗೆ ವಿಮಾನ ತಡವಾದರೆ ಎರಡನೆಯ ಟಿಕೆಟ್‌ಗೆ ಯಾರೂ ಹೊಣೆಯಲ್ಲ. ಎರಡನ್ನೂ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ, ಮಾಡಿಸಿ. ಸಿಗದಿದ್ದರೆ ಹಿಂದಿನ ರಾತ್ರಿಯ ಬಸ್ಸೇ ವಾಸಿ, ಶಿರಾಡಿಯಲ್ಲಿ ಸಿಕ್ಕಿಬಿದ್ದರೂ ಸಾಕಾಗುವಷ್ಟು ಸಮಯ ಇಟ್ಟುಕೊಂಡು.

ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಲಿ. ಇಟಿಎ, ಅಂದರೆ ಶ್ರೀಲಂಕಾ ಪ್ರವೇಶದ ಆನ್‌ಲೈನ್ ಅನುಮತಿಯ, ಅರ್ಜಿಯನ್ನು ಅಲ್ಲಿನ ಸರ್ಕಾರಿ ಜಾಲತಾಣದಲ್ಲೇ ಹಾಕಿ. ಅದೇ ಮುಖದ ದಲ್ಲಾಳಿ ತಾಣಗಳು ಹೆಚ್ಚು ಹಣ ಕೀಳುತ್ತವೆ. ಇನಿಷಿಯಲ್ ಇರುವವರು ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆಯಿರಿ. ಪವರ್ ಬ್ಯಾಂಕ್ ಕೈಚೀಲದಲ್ಲಿ, ಮಿಡಿ ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿನಲ್ಲಿ.