ನಿಯಮ ಎಲ್ಲರದು, ಲೋಕ ಕಂಪನಿಯದು

ಪ್ರಶ್ನೆ: ನಾವು ಬೀದರ್‌ನ ನಾಲ್ವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಹಾಸ್ಟೆಲ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತ ಆಡುತ್ತ ಸುಮಾರು ನಲವತ್ತು ಪುಟಗಳ ಒಂದು ಅಡ್ವೆಂಚರ್ ಬರೆದಿದ್ದೇವೆ. ಕಥೆ ನಡೆಯುವುದು ಆ ಆಟದ ಫರ್ಗಾಟನ್ ರೆಲ್ಮ್ಸ್ ಲೋಕದ ವಾಟರ್‌ಡೀಪ್ ನಗರದ ಹೊರವಲಯದಲ್ಲಿ. ಹಳೆಯ ನೀರಿನ ಸುರಂಗಕ್ಕೆ ಇಳಿದವರು ಮರಳುತ್ತಿಲ್ಲ. ಸುರಂಗಕ್ಕೆ ನಮ್ಮೂರಿನ ಕರೇಜ್, ಅಂದರೆ ನೆಲದಡಿಯ ಹಳೆಯ ನೀರಿನ ಕಾಲುವೆ, ಮಾದರಿ. ಇದನ್ನು ಕನ್ನಡದಲ್ಲಿ ಮುದ್ರಿಸಿ ನೂರು ರೂಪಾಯಿಗೆ ಮಾರಬಹುದೇ?

ಉತ್ತರ: ಈಗಿರುವ ರೂಪದಲ್ಲಿ ಮಾರುವಂತಿಲ್ಲ. ಹಾಗೆಂದು ಕೈ ಚೆಲ್ಲಬೇಡಿ, ಬಿಡಬೇಕಾದದ್ದು ತೀರ ಕಡಿಮೆ.

ಆಟದ ಪರಿಚಯವಿಲ್ಲದ ಓದುಗರಿಗೆ ಎರಡು ಮಾತು. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ತಲಾ ಒಂದು ಪಾತ್ರವಾಗಿ ‘ಬಾಗಿಲು ಒದೆಯುತ್ತೇನೆ’, ‘ಕಾವಲುಗಾರನಿಗೆ ಲಂಚ ಕೊಡುತ್ತೇನೆ’ ಎನ್ನುತ್ತಾರೆ. ಯತ್ನ ಫಲಿಸಿತೇ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕಥೆ ನಡೆಸುವವರಿಗಾಗಿ ಸನ್ನಿವೇಶ, ನಕ್ಷೆ, ಎದುರಾಳಿಗಳ ವಿವರ ಜೋಡಿಸಿಟ್ಟ ಪುಸ್ತಿಕೆಯೇ ಅಡ್ವೆಂಚರ್.

ಇದರಲ್ಲಿ ಎರಡು ಬಗೆಯ ಆಸ್ತಿ ಸೇರಿಕೊಂಡಿದೆ: ಆಟದ ನಿಯಮ, ಕಥೆಯ ಲೋಕ. ಆಟ ಮೊದಲು ಪ್ರಕಟವಾದದ್ದು 1974ರಲ್ಲಿ. 1997ರಲ್ಲಿ ಅದರ ಮೂಲ ಕಂಪನಿಯನ್ನು ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೊಂಡುಕೊಂಡಿತು. 2000ರಿಂದಲೂ ನಿಯಮಗಳ ದೊಡ್ಡ ಭಾಗವನ್ನು ಬೇರೆಯವರು ಬಳಸಲು ಆ ಕಂಪನಿ ಪರವಾನಗಿ ಕೊಡುತ್ತ ಬಂದಿತ್ತು. 2023ರ ಜನವರಿಯಲ್ಲಿ ಆ ಪರವಾನಗಿಯನ್ನು ಬಿಗಿಗೊಳಿಸಲು ಹೊರಟಾಗ ಆಟಗಾರರೂ ಸಣ್ಣ ಪ್ರಕಾಶಕರೂ ತಿರುಗಿಬಿದ್ದರು. ಅದೇ ತಿಂಗಳ 27ರಂದು ಕಂಪನಿ ಹಿಂದೆ ಸರಿದು, ‘ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ 5.1’ ಎಂಬ ನಿಯಮಸಂಗ್ರಹವನ್ನು ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 4.0 ಪರವಾನಗಿಯಡಿ ಬಿಟ್ಟುಕೊಟ್ಟಿತು. ಒಮ್ಮೆ ಕೊಟ್ಟ ಆ ಪರವಾನಗಿಯನ್ನು ಹಿಂಪಡೆಯಲು ಬರುವುದಿಲ್ಲ. ಅದರಲ್ಲಿರುವ ನಿಯಮ, ಮಂತ್ರ, ರಾಕ್ಷಸರನ್ನು ನೀವು ಅನುವಾದಿಸಬಹುದು, ಬದಲಿಸಬಹುದು, ಮಾರಲೂಬಹುದು. ಅವರು ಹೇಳಿರುವ ಕೃತಜ್ಞತೆಯ ಸಾಲನ್ನು ಪುಸ್ತಿಕೆಯಲ್ಲಿ ಅಚ್ಚು ಹಾಕಿದರೆ ಸಾಕು. ಆಟದ ಹೆಸರನ್ನಾಗಲಿ ಲಾಂಛನವನ್ನಾಗಲಿ ಮುಖಪುಟದಲ್ಲಿ ಮೆರೆಸಬೇಡಿ. ‘ಫಿಫ್ತ್ ಎಡಿಶನ್‌ಗೆ (ಆಟದ ಐದನೇ ಆವೃತ್ತಿಗೆ) ಹೊಂದುತ್ತದೆ’ ಎಂದು ಹಾಕಿಕೊಳ್ಳಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಆದರೆ ಫರ್ಗಾಟನ್ ರೆಲ್ಮ್ಸ್‌ನ ನಗರಗಳು, ದೇವತೆಗಳು, ಚರಿತ್ರೆ ಆ ಕೊಡುಗೆಯಲ್ಲಿ ಸೇರಿಲ್ಲ. ಹಲವು ಕಣ್ಣುಗಳ ಬಿಹೋಲ್ಡರ್, ಮಿದುಳು ತಿನ್ನುವ ಮೈಂಡ್ ಫ್ಲೇಯರ್‌ಗಳ ವಿವರಗಳೂ ಇಲ್ಲ. ನಿಮ್ಮ ಸುರಂಗದ ಕೊನೆಯಲ್ಲಿ ಇವರಲ್ಲೊಬ್ಬ ಕೂತಿದ್ದರೆ ಈಗಲೇ ಎಬ್ಬಿಸಿ ಕಳುಹಿಸಿ.

ಆ ಲೋಕವೇ ಬೇಕೆಂದಾದರೆ ಅದಕ್ಕೂ ಬಾಗಿಲಿದೆ: 2016ರಲ್ಲಿ ಶುರುವಾದ ‘ಡಿಎಂಸ್ ಗಿಲ್ಡ್’ ಎಂಬ ಆನ್‌ಲೈನ್ ಮಳಿಗೆ. ಅಲ್ಲಿ ಫರ್ಗಾಟನ್ ರೆಲ್ಮ್ಸ್ ಕಥೆಯನ್ನು ಅಧಿಕೃತವಾಗಿಯೇ ಮಾರಬಹುದು. ಬೆಲೆಯ ಅರ್ಧ ಬರೆದವರಿಗೆ, ಉಳಿದರ್ಧ ಕಂಪನಿಗೂ ಮಳಿಗೆಗೂ. ಆದರೆ ಷರತ್ತುಗಳನ್ನು ನಿಧಾನವಾಗಿ ಓದಿ. ಅಲ್ಲಿ ಹಾಕಿದ್ದನ್ನು ಬೇರೆಲ್ಲೂ ಮಾರುವಂತಿಲ್ಲ, ಹಾಗಾಗಿ ಬೀದರ್‌ನಲ್ಲಿ ಅಚ್ಚು ಹಾಕಿಸುವ ನಿಮ್ಮ ಆಸೆಗೆ ಅಲ್ಲಿಗೇ ತೆರೆ. ನೀವು ಹೊಸದಾಗಿ ಸೃಷ್ಟಿಸಿದ ಪಾತ್ರ, ಸ್ಥಳಗಳನ್ನು ಆ ಮಳಿಗೆಯ ಇತರ ಲೇಖಕರೂ ಬಳಸಿಕೊಳ್ಳಬಹುದು. ಅಲ್ಲಿಗೆ ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಇಂಗ್ಲಿಷ್ ಓದುವವರು.

ನನ್ನನ್ನು ಕೇಳಿದರೆ ವಾಟರ್‌ಡೀಪ್ ಬಿಡಿ. ನಿಮ್ಮ ಕಥಾಸಾರ ಓದಿದಾಗ ಆ ನಗರ ಬರಿಯ ವಿಳಾಸದಂತೆ ಕಾಣಿಸಿತು, ಕಥೆಯ ಜೀವವೆಲ್ಲ ಸುರಂಗದಲ್ಲಿದೆ. ಬಹಮನಿ ಕಾಲದಲ್ಲಿ ಪರ್ಷಿಯಾದ ಮಾದರಿಯಲ್ಲಿ ಜಂಬಿಟ್ಟಿಗೆಯ ನೆಲ ಕೊರೆದು, ನೀರು ತಾನಾಗಿ ಹರಿಯುವಷ್ಟೇ ಇಳಿಜಾರು ಕೊಟ್ಟು, ಉದ್ದಕ್ಕೂ ಬಾವಿಯಂಥ ಗಾಳಿಕಿಂಡಿಗಳನ್ನು ಇಳಿಬಿಟ್ಟ ಕರೇಜ್‌ನ ರಚನೆ ಆಟಕ್ಕೆ ಹೇಳಿ ಮಾಡಿಸಿದಂತಿದೆ. ಪ್ರತಿ ಕಿಂಡಿಯೂ ಬೆಳಕಿನ ಒಂದು ತಾಣ, ತಪ್ಪಿಸಿಕೊಳ್ಳುವ ಒಂದು ದಾರಿ, ಮೇಲಿನಿಂದ ಶತ್ರು ಹಗ್ಗ ಬಿಟ್ಟು ಇಳಿಯಬಹುದಾದ ಜಾಗ. ನೀರು ಯಾವ ಕಡೆ ಹರಿಯುತ್ತದೆ ಎಂಬುದೇ ದಿಕ್ಸೂಚಿ. ಮೇಲೆ ಊರು ಬದುಕುವುದು ಆ ನೀರಿನಿಂದಲೇ ಆದ್ದರಿಂದ, ಕೆಳಗಿನ ರಾಕ್ಷಸನನ್ನು ಹೊಗೆ ಹಾಕಿಯೋ ವಿಷ ಬೆರೆಸಿಯೋ ಕೊಲ್ಲುವ ಸುಲಭದ ಉಪಾಯ ನಡೆಯದು. ಈ ಇಕ್ಕಟ್ಟೇ ನಿಮ್ಮ ಕಥೆಯ ಬಂಡವಾಳ. ಅದು ಬೇರೆ ಯಾರ ಕಂಪನಿಯ ಸ್ವತ್ತೂ ಅಲ್ಲ.

ಒಂದು ತೊಡಕು ಮಾತ್ರ ಇದೆ. ಕಿರಿದಾದ ಸುರಂಗದಲ್ಲಿ ಒಬ್ಬರ ಹಿಂದೊಬ್ಬರು ನಡೆಯಬೇಕು, ಮುಂದಿನವರು ಕಾದಾಡುವಾಗ ಹಿಂದಿನ ಮೂವರು ಮೊಬೈಲ್ ತೆಗೆಯುತ್ತಾರೆ. ಮುಖ್ಯ ಕಾಳಗಗಳನ್ನು ಕಿಂಡಿಗಳ ಬುಡದಲ್ಲೇ ಇಡಿ, ಒಬ್ಬಿಬ್ಬರಿಗೆ ನೆಲದ ಮೇಲೂ ಕೆಲಸ ಕೊಡಿ. ಇಂಥದ್ದೆಲ್ಲ ಪರೀಕ್ಷಾ ಆಟದಲ್ಲಿ ಹೊರಬೀಳುತ್ತದೆ. ಆದರೆ ಆ ಆಟವನ್ನು ನೀವು ನಡೆಸಬಾರದು. ಪುಸ್ತಿಕೆಯನ್ನು ಕಲಬುರಗಿಯ ಬೇರೊಂದು ತಂಡಕ್ಕೆ ಕೊಟ್ಟು, ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತು, ಕಥೆ ನಡೆಸುವವರು ಎಲ್ಲಿ ಪುಟ ಹಿಂದಕ್ಕೆ ಮಗುಚುತ್ತಾರೆ ಎಂದು ಬರೆದುಕೊಳ್ಳಿ. ಅಂಥ ಜಾಗಗಳಲ್ಲೆಲ್ಲ ಬರವಣಿಗೆ ಸೋತಿದೆ ಎಂದರ್ಥ. ಮುಂದೆ ಸಾಗಲು ತಿಳಿಯಲೇಬೇಕಾದ ಸಂಗತಿಗೆ ಒಂದೇ ಸುಳಿವು ಇಟ್ಟಿದ್ದರೆ ಮೂರು ಮಾಡಿ, ಆಟಗಾರರು ಎರಡನ್ನು ಕಾಣದೇ ದಾಟಿಹೋಗುತ್ತಾರೆ.

ನಾಲ್ವರು ಬರೆದಿದ್ದೀರಿ, ಚಿತ್ರ ಬರೆಯಲು ಐದನೆಯವರು ಬರಬಹುದು. ಸ್ನೇಹ ಇದೆಯೆಂದು ಕಾಗದ ಬೇಡ ಎನ್ನಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕು ವರ್ಗಾವಣೆ ಲಿಖಿತವಾಗಿಯೇ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು ಕಾನೂನು ಭಾವಿಸುತ್ತದೆ. ಆರನೇ ವರ್ಷ ಮರುಮುದ್ರಣಕ್ಕೆ ಹೊರಟಾಗ ಚಿತ್ರಗಳ ಹಕ್ಕು ಕಲಾವಿದರಿಗೆ ಮರಳಿರುತ್ತದೆ.

ಮುದ್ರಣದ ವಿಷಯ ಬೇಗ ಮುಗಿಸುತ್ತೇನೆ. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟ್‌ನಲ್ಲಿ ಬೆರಳಚ್ಚು ಮಾಡಬೇಡಿ. ಪಿಡಿಎಫ್‌ನಲ್ಲಿ ರಾಕ್ಷಸನ ಹೆಸರು ಹುಡುಕಿದರೆ ಸಿಗುವುದಿಲ್ಲ, ಆಟದ ನಡುವೆ ಹುಡುಕುವುದೇ ಮುಖ್ಯ. ನೋಟೋ ಸಾನ್ಸ್ ಕನ್ನಡ, ಟಿರೋ ಕನ್ನಡ ಫಾಂಟ್‌ಗಳು ಯೂನಿಕೋಡ್‌ನವು, ಮುಕ್ತ ಪರವಾನಗಿಯವು. ನಡುವೆ ಪಿನ್ ಹೊಡೆಸುವುದಾದರೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು, ನಿಮ್ಮ ನಲವತ್ತು ಸರಿಯಾಗಿದೆ. ನಕ್ಷೆಯನ್ನು ಬಿಡಿ ಹಾಳೆಯಾಗಿ ಕೊಡಿ. ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಅದಕ್ಕೆ ಹಣ ಕೇಳುವ ಮಧ್ಯವರ್ತಿಗಳ ಮಾತಿಗೆ ಬೀಳಬೇಡಿ.

ಪ್ರಶ್ನೆ: ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಅವರ ಲೋಕದಲ್ಲಿ ನಡೆಯುವ ಅಡ್ವೆಂಚರ್ ಬರೆದಿದ್ದೇನೆ. ಹೆಸರುಗಳನ್ನಷ್ಟೇ ಬದಲಿಸಿದರೆ ಸಾಕಲ್ಲವೇ? (ಕಲಬುರಗಿಯ ಓದುಗರು)

ಉತ್ತರ: ಆಟದ ಚರಿತ್ರೆಯಲ್ಲೇ ಇದಕ್ಕೆ ನಿದರ್ಶನವಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಆರಂಭದ ಮುದ್ರಣಗಳಲ್ಲಿ ಟೋಲ್ಕಿನ್ ಅವರ ಗಿಡ್ಡ ಜನರ ಹೆಸರಾದ ‘ಹಾಬಿಟ್’ ಎಂದೇ ಇತ್ತು. ಹಕ್ಕುದಾರರು ಕಾನೂನಿನ ಎಚ್ಚರಿಕೆ ಕೊಟ್ಟ ಮೇಲೆ ಅದು ‘ಹಾಫ್‌ಲಿಂಗ್’ ಆಯಿತು. ಗಿಡ್ಡ ಜನ, ಮಾತನಾಡುವ ಮರ ಎಂಬ ಕಲ್ಪನೆಗಳಿಗೆ ಕೃತಿಸ್ವಾಮ್ಯವಿಲ್ಲ. ಕಲ್ಪನೆಗಲ್ಲ, ಅದನ್ನು ಅಭಿವ್ಯಕ್ತಿಸಿದ ರೀತಿಗೆ ಮಾತ್ರ ರಕ್ಷಣೆ ಎಂದು ನಮ್ಮ ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಆದರೆ ಕಥೆಯ ನಡೆ, ಪಾತ್ರಗಳ ಸಂಬಂಧ, ನಕ್ಷೆ ಎಲ್ಲವೂ ಅವೇ ಆಗಿದ್ದು ಹೆಸರು ಮಾತ್ರ ಬೇರೆಯಾದರೆ ಅದೇ ತೀರ್ಪು ನಿಮ್ಮ ವಿರುದ್ಧ ನಿಲ್ಲುತ್ತದೆ. ಟೋಲ್ಕಿನ್ ತೀರಿಕೊಂಡದ್ದು 1973ರಲ್ಲಿ. ಭಾರತದಲ್ಲಿ ಲೇಖಕರ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ, ಅಂದರೆ 2033ರ ಕೊನೆಯವರೆಗೆ. ಮರಣೋತ್ತರವಾಗಿ ಪ್ರಕಟವಾದವುಗಳಿಗೆ ಪ್ರಕಟಣೆಯ ವರ್ಷದಿಂದ ಲೆಕ್ಕ. ಉಚಿತವಾಗಿ ಹಂಚುತ್ತೇನೆ ಎಂಬುದೂ ರಕ್ಷಣೆಯಲ್ಲ. ಮನೆಯಲ್ಲಿ ಗೆಳೆಯರೊಡನೆ ಧಾರಾಳವಾಗಿ ಆಡಿ.

ಪ್ರಶ್ನೆ: ಯಾರ ಅನುಮತಿಯೂ ಬೇಡದ, ಆದರೂ ಮೊದಲೇ ಕಟ್ಟಿದ ಲೋಕ ಯಾವುದಾದರೂ ಇದೆಯೇ? (ಯಾದಗಿರಿ ಜಿಲ್ಲೆ ಶಹಾಪುರದ ಶಿಕ್ಷಕರು)

ಉತ್ತರ: ನಿಮ್ಮ ಭಾಗದಲ್ಲಿ ಉರ್ದು ಬಲ್ಲವರಿಗೆ ಕೊರತೆಯಿಲ್ಲ, ಅವರನ್ನು ‘ತಿಲಿಸ್ಮ್-ಎ-ಹೋಶ್‌ರುಬಾ’ ಬಗ್ಗೆ ಕೇಳಿ. ಲಖನೌದ ನವಲ್ ಕಿಶೋರ್ ಪ್ರೆಸ್ 1883ರಿಂದ ಸಂಪುಟ ಸಂಪುಟವಾಗಿ ಹೊರತಂದ ಕಥೆ. ಬರೆದವರು ತೀರಿಕೊಂಡು ನೂರು ವರ್ಷ ದಾಟಿದೆ. ಮಾಂತ್ರಿಕರ ದೊರೆ ಅಫ್ರಾಸಿಯಾಬ್, ಅವನ ಮಾಯಾರಾಜ್ಯ, ಲೋಕವನ್ನೇ ತುಂಬಿಟ್ಟರೂ ತುಂಬದ ಚೀಲ ಹೊತ್ತ ಅಮರ್ ಅಯ್ಯಾರ್ (ಅಯ್ಯಾರ್ ಎಂದರೆ ವೇಷ ಮರೆಸುವ ಚತುರ ಗೂಢಚಾರ) ಎಲ್ಲವೂ ಅಲ್ಲಿವೆ. ಮೇಜಿನ ಸುತ್ತ ಕೂರುವವರಿಗೆ ಅಯ್ಯಾರರಷ್ಟು ಒಗ್ಗುವ ಪಾತ್ರ ಬೇರೆ ಸಿಗಲಾರದು. ವೇಷ, ಮೋಸ, ಮಾತಿನ ಚಮತ್ಕಾರ ಇವೇ ಅವರ ಮುಖ್ಯ ಆಯುಧ. ಇತ್ತೀಚಿನ ಅನುವಾದಗಳ ಹಕ್ಕು ಮಾತ್ರ ಆಯಾ ಅನುವಾದಕರದು, ಟಿವಿ ಧಾರಾವಾಹಿಗಳ ವೇಷಭೂಷಣವೂ ನಿಮ್ಮದಲ್ಲ. ಹಳೆಯ ಉರ್ದು ಸಂಪುಟವನ್ನೇ ಓದಿಸಿಕೊಂಡು ಟಿಪ್ಪಣಿ ಮಾಡಿಕೊಳ್ಳಿ, ಚಿತ್ರಗಳನ್ನು ಹೊಸದಾಗಿ ಬರೆಸಿ.